ಎಳೆಹೂಟೆಯ ಚಿತ್ರದ ಬೆನ್ನಿಗೆ

ರಾಮದುರ್ಗ
18 ನವೆಂಬರ್ 2024

ಶ್ರೀ ನಿಜಗುಣಪ್ಪನವರಿಗೆ,

ಒಂಬತ್ತೂವರೆ ವರ್ಷ ತಮಗೆ ಒಂದಕ್ಷರ ಬರೆಯದವನು ಇವತ್ತು ಬರೆಯಲು ಕುಳಿತಿದ್ದೇನೆ. ಕ್ಷೇಮ ವಿಚಾರಿಸಲಿಕ್ಕಲ್ಲ. ಫೋನು ಮಾಡಬಹುದಿತ್ತು. ತಮ್ಮ ದನಿ ಕೇಳಿದರೆ ಮೊದಲು ಬೈಯುತ್ತೇನೆ, ಆಮೇಲೆ ಅಳುತ್ತೇನೆ, ಕೇಳಬೇಕಾದ ಮಾತು ಹಾಗೇ ಉಳಿದುಬಿಡುತ್ತದೆ. ಅದಕ್ಕೇ ಕಾಗದ.

ಹೋದ ಗುರುವಾರ ಕಟಕೋಳದಿಂದ ಸದಾಶಿವ ಎಂಬ ರೈತ ಒಂದು ಚಿತ್ರ ಹೊತ್ತುಕೊಂಡು ಬಂದ. ನಮ್ಮದೇ ಎಳೆಹೂಟೆಯ ಚಿತ್ರ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸ ತನ್ನ ಮಗಳನ್ನು ಕೊಟ್ಟ ತಪ್ಪಿಗೆ, ಆ ಇಬ್ಬರು ಬೀಗರನ್ನು ಆನೆಯ ಕಾಲಿಗೆ ಕಟ್ಟಿ ಕಲ್ಯಾಣದ ಬೀದಿಯಲ್ಲಿ ಎಳೆಸಿದ ಗಳಿಗೆ. ಇಪ್ಪತ್ತಾರು ವರ್ಷದ ಹಿಂದೆ ನಾನು ಅದನ್ನು ಬರೆದಾಗ ಹರಳಯ್ಯನ ಮುಖಕ್ಕೆಂದು ತಮ್ಮನ್ನು ಮೂರು ದಿನ ಚೌಕಟ್ಟಿನ ಅಂಗಡಿ ಮುಚ್ಚಿಸಿ ಕೂರಿಸಿದ್ದೆ. ಮಧುವರಸನಿಗೆ ಕನ್ನಡಿಯಲ್ಲಿ ನನ್ನನ್ನೇ ನೋಡಿಕೊಂಡೆ. ಹುಬ್ಬಳ್ಳಿಯಲ್ಲಿ ಅಚ್ಚು ಹಾಕಿಸಿದೆವು. ತಾವು ಕಟ್ಟು ಹಾಕಿ ಕಿತ್ತೂರು, ಸವದತ್ತಿ, ರಾಮದುರ್ಗದ ಮನೆಮನೆಗೆ ಮುಟ್ಟಿಸಿದಿರಿ. ಪ್ರತಿ ಸಲ ಹೊಸ ಪ್ರತಿಗಳಿಗೆ ಕಟ್ಟು ಹಾಕುವಾಗ ಮೊದಲನೆಯದನ್ನು ಖುದ್ದು ತಂದು, ಹಳೆಯದನ್ನು ಇಳಿಸಿ, ನಮ್ಮ ಪಡಸಾಲೆಯಲ್ಲಿ ತೂಗುಹಾಕಿ ಹೋಗುತ್ತಿದ್ದಿರಿ. ಈಗ ಅಲ್ಲಿ ಮೊಳೆ ಮಾತ್ರ ಇದೆ.

ಸದಾಶಿವನ ಚೌಕಟ್ಟಿನ ಹಿಂದಿನ ಹಲಗೆಗೆ ಗೆದ್ದಲು ಹತ್ತಿತ್ತು. "ಮಾಸ್ತರ, ನಮ್ಮವ್ವ ದಿನಾ ಇದಕ್ಕ ಕೈ ಮುಗದ ಹೊಲಕ್ಕ ಹೋಗತಿದ್ಲರಿ. ಹ್ಯಾಂಗರ ಮಾಡಿ ಉಳಸಿ ಕೊಡ್ರಿ" ಎಂದ. ಹಲಗೆ ಕಿತ್ತೆ. ಒಳಗೆ ತಮ್ಮ ರೂಢಿಯಂತೆ ದಪ್ಪಕ್ಕೆಂದು ಇಟ್ಟ ಲಗ್ನಪತ್ರಿಕೆ ಇತ್ತು. ಪ್ರೆಸ್ಸಿನಲ್ಲಿ ತಪ್ಪು ಅಚ್ಚಾಗಿ ಉಳಿದ ಪತ್ರಿಕೆಗಳನ್ನು ತಾವು ತಂದಿಟ್ಟುಕೊಳ್ಳುತ್ತಿದ್ದದ್ದು ನನಗೇನು ಹೊಸದಲ್ಲ. ಬದಿಗಿಡುವಾಗ ಕಣ್ಣು ಬಿತ್ತು.

ಚಿ. ಸಿದ್ಧಾರೂಢ, ಚಿ. ಕುಂ. ವರದಾ. ಮೇ 10, 2015. ತಮ್ಮ ಆಗಮನವನ್ನು ಬಯಸುವವರು: ರಘೋತ್ತಮ, ನಿಜಗುಣಪ್ಪ.

ತಮ್ಮ ಮಗ, ನನ್ನ ಮಗಳು, ನಮ್ಮಿಬ್ಬರ ಹೆಸರು. ನನ್ನ ಮಗಳು ನನಗೊಂದು ಮಾತೂ ಹೇಳದೆ ಮನೆ ಬಿಟ್ಟು ಹೋದಳೆಂದು ಇಷ್ಟು ವರ್ಷ ತಿಳಿದಿದ್ದೆ. ಆ ಸಿಟ್ಟಿನ ಮೇಲೆಯೇ ಬದುಕಿದ್ದೆ. ಈ ಪತ್ರಿಕೆ ಯಾರು ಹಾಕಿಸಿದರು, ತಮ್ಮ ಕೈಗೆ ಹೇಗೆ ಬಂತು, ನನ್ನ ಕೈಗೆ ಯಾಕೆ ಬರಲಿಲ್ಲ, ಇಷ್ಟು ತಿಳಿಸಬೇಕು.

ಇತಿ,
ರಘೋತ್ತಮ

~

ಬೈಲಹೊಂಗಲ
9 ಡಿಸೆಂಬರ್ 2024

ಮಾಸ್ತರಿಗೆ ಶರಣು ಶರಣಾರ್ಥಿ.

ನಿಮ್ಮ ಕಾಗದ ಬಂದು ಎರಡು ವಾರದ ಮೇಲಾಯಿತು. ನಾಲ್ಕು ಸಲ ಬರೆದು ಹರಿದೆ. ನಾನು ಮೊಳೆ ಹೊಡೆಯುವವನು, ಬರೆಯುವವನಲ್ಲ. ನೀವು ನನಗೆ 'ತಾವು' ಎಂದು ಬರೆದಿದ್ದೀರಿ. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಆ ವರ್ಷ ಮಾರ್ಚ್ ಕೊನೆಗೆ ವರದಾ ಒಬ್ಬಳೇ ಅಂಗಡಿಗೆ ಬಂದಿದ್ದಳು. ಐವತ್ತು ಪತ್ರಿಕೆಗಳ ಕಟ್ಟು, ಮೇಲೆ ದಾರ ಸುತ್ತಿತ್ತು, ಮೂಲೆಗೆ ಅರಿಶಿಣ ಹಚ್ಚಿತ್ತು. "ಕಾಕಾ, ಇದನ್ನ ಅಪ್ಪಗ ನೀವ ಕೊಡ್ರಿ. ನಾ ಕೊಟ್ರ ಸಿಟ್ಟಾಗ್ತಾರ. ನಿಮ್ಮ ಕೈಯಿಂದ ಬಂದ್ರ ಇಬ್ರೂ ಕೂಡಿ ಒಂದ್ ತಾಸು ಜಗಳಾಡ್ತೀರಿ, ಆಮ್ಯಾಲ ನಗ್ತೀರಿ" ಎಂದಳು. ಗೋಡೆಗೆ ಸಾಲಾಗಿ ಒರಗಿಸಿದ್ದ ಚಿತ್ರಗಳನ್ನು ತೋರಿಸಿ, "ಇದನ್ನ ಮಾಡಿದವರು ಬ್ಯಾಡ ಅನ್ನೂದಿಲ್ಲ ಅಂತ ನನಗ ಗೊತ್ತದ" ಎಂದಳು. ನಾನು "ಆತ ತಂಗಿ" ಎಂದೆ.

ಕೊಡಲಿಲ್ಲ. ಹೆದರಿದೆ. ಬಸವ ಜಯಂತಿಗೆ ಸಂಘದವರು ಐವತ್ತು ಚಿತ್ರ ಹೇಳಿದ್ದರು. ನನ್ನ ಗಿರಾಕಿಗಳೆಲ್ಲ ಮಠದವರು, ಸಂಘದವರು, ನಮ್ಮ ಬೀಗರು ಬಿಜ್ಜರು. ಬ್ರಾಹ್ಮಣರ ಹುಡುಗಿಯನ್ನು ಸೊಸೆ ಮಾಡಿಕೊಂಡರೆ ಇವರಲ್ಲಿ ಒಬ್ಬರೂ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡೆ. ಎಳೆಹೂಟೆಯ ಚಿತ್ರ ಮಾರುವುದು ಬೇರೆ, ಅದರೊಳಗೆ ಹೋಗಿ ನಿಲ್ಲುವುದು ಬೇರೆ, ಮಾಸ್ತರ. ಇನ್ನೊಂದು ಹೆದರಿಕೆಯೂ ಇತ್ತು. ನೀವು ಓದಿ ಒಪ್ಪಿಬಿಟ್ಟರೆ ಬೇಡ ಎಂದವನು ನಾನೊಬ್ಬನೇ ಆಗುತ್ತಿದ್ದೆ.

ಅರಿಶಿಣ ಹಚ್ಚಿದ ಲಗ್ನಪತ್ರಿಕೆ ಸುಡಲಿಕ್ಕೆ ಬರುವುದಿಲ್ಲ. ಹರಿಯಲಿಕ್ಕೂ ಬರುವುದಿಲ್ಲ. ಎಲ್ಲಿ ಮುಚ್ಚಿಡಲಿ ಎಂದು ಎರಡು ದಿನ ಒದ್ದಾಡಿದೆ. ಕಡೆಗೆ ದಾರ ಬಿಚ್ಚಿ, ಓದದೆ, ಒಂದೊಂದು ಚಿತ್ರದ ಬೆನ್ನಿಗೆ ಒಂದೊಂದು ಇಟ್ಟು ಹಲಗೆ ಬಡಿದೆ. ಪೂಜೆಯ ಜಾಗಕ್ಕೇ ಹೋಯಿತಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹುಡುಗನ ಅವ್ವ, ನಮ್ಮ ಸಿದ್ದಲಿಂಗವ್ವನಿಗೂ ಇದು ಗೊತ್ತಿಲ್ಲ.

ಹುಡುಗರು ಗದಗಿನಲ್ಲಿದ್ದಾರೆ. ವರದಾ ಅಲ್ಲಿ ಒಂದು ಸಾಲೆಯಲ್ಲಿ ಡ್ರಾಯಿಂಗ್ ಕಲಿಸುತ್ತಾಳಂತೆ. ಸಿದ್ದಲಿಂಗವ್ವ ವರ್ಷಕ್ಕೆರಡು ಸಲ ಹೋಗಿ ಬರುತ್ತಾಳೆ. ನಾನು ಮಗನ ಮುಖ ನೋಡಿಲ್ಲ. ವಿಳಾಸ ಈ ಕಾಗದದ ಹಿಂಬದಿಗೆ ಬರೆದಿದ್ದೇನೆ. ನನ್ನನ್ನು ಕ್ಷಮಿಸಿ ಎಂದು ಬರೆಯುವ ಧೈರ್ಯ ಇಲ್ಲ.

ನಿಮ್ಮ,
ನಿಜಗುಣಪ್ಪ

~

ರಾಮದುರ್ಗ
14 ಡಿಸೆಂಬರ್ 2024

ಚಿ. ಸೌ. ವರದಾಳಿಗೆ ಆಶೀರ್ವಾದ.

ನಿನ್ನ ಹೆಸರಿಗೆ 'ಸೌ' ಎಂದು ಸೇರಿಸಿ ಬರೆಯುತ್ತಿರುವುದು ಇದೇ ಮೊದಲು.

ನಿನ್ನ ಲಗ್ನಪತ್ರಿಕೆ ಈಗ ನೋಡಿದೆ. ಒಂಬತ್ತೂವರೆ ವರ್ಷ ತಡವಾಗಿ. ನಿಜಗುಣಪ್ಪ ಅದನ್ನು ನನಗೆ ಕೊಡಲಿಲ್ಲ, ಚಿತ್ರಗಳ ಹಿಂದೆ ಇಟ್ಟು ಮೊಳೆ ಹೊಡೆದ. ಅವನು ಬರೆದ ಕಾಗದವನ್ನು ಇದರೊಂದಿಗೆ ಇಟ್ಟಿದ್ದೇನೆ, ಓದು. ನೀನು ನನ್ನನ್ನು ಕೇಳದೆ ಹೋದೆ ಎಂದು ನಾನು ತಿಳಿದೆ. ಕೇಳಿದರೂ ನಾನು ಉತ್ತರ ಕೊಡಲಿಲ್ಲ ಎಂದು ನೀನು ತಿಳಿದಿರಬೇಕು. ನಾನು ನೋಡಿರಲಿಲ್ಲ, ವರದಾ. ಇಷ್ಟನ್ನು ನಂಬು.

ನೋಡಿದ್ದರೆ ಒಪ್ಪುತ್ತಿದ್ದೆ ಎಂದು ಬರೆದರೆ ಕಾಗದ ಚೆಂದ ಕಾಣುತ್ತದೆ. ಆದರೆ ಗೊತ್ತಿಲ್ಲದ್ದನ್ನು ಹೇಗೆ ಬರೆಯಲಿ.

ಡ್ರಾಯಿಂಗ್ ಕಲಿಸುತ್ತೀಯಂತೆ. ಆನೆಯ ಕಾಲು ನಿನಗೆ ಎಂದೂ ಸರಿ ಬರುತ್ತಿರಲಿಲ್ಲ, ಕಂಬದಂತೆ ಬರೆಯುತ್ತಿದ್ದೆ. ಈಗ ಹೇಗೆ ಬರೆಯುತ್ತೀ? ಮಕ್ಕಳಿದ್ದಾರೆಯೇ ಎಂದು ಕೇಳುವ ಹಕ್ಕು ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಒಂದು ಸಲ ಮನೆಗೆ ಬಾ.

ನಿನ್ನ ಅಪ್ಪ,
ರಘೋತ್ತಮ

~

ಗದಗ
20 ಜನವರಿ 2025

ಅಪ್ಪನಿಗೆ,

ನಿಮ್ಮ ಕಾಗದ ಬಂದು ತಿಂಗಳಾಯಿತು. ಇವರು ದಿನಾ "ಉತ್ತರಾ ಬರಿ" ಎನ್ನುತ್ತಾರೆ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಆ ಏಪ್ರಿಲ್ ಐದು ಭಾನುವಾರವಾಗಿತ್ತು. ನಿಜಗುಣಪ್ಪ ಕಾಕಾ ಹೊಸ ಚೌಕಟ್ಟು ಬಗಲಲ್ಲಿ ಹಿಡಿದು ಬಂದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಕಾಕಾ ಚಿತ್ರ ತೂಗುಹಾಕಿದರು, ಚಹಾ ಕುಡಿದರು, ನೀವಿಬ್ಬರೂ ಏನೋ ತಗ್ಗಿದ ದನಿಯಲ್ಲಿ ಮಾತಾಡಿದಿರಿ, ಅವರು ಹೋದರು. ಪತ್ರಿಕೆ ಕೊಟ್ಟೇ ಹೋದರು ಎಂದು ತಿಳಿದೆ. ಊಟಕ್ಕೆ ಕುಳಿತಾಗ ನಿಮ್ಮ ಮುಖ ನೋಡಿದೆ. ನೀವು ಗೋಡೆ ನೋಡುತ್ತ, "ಈ ಸಲದ ಕಟ್ಟು ಭಾಳ ಛಲೋ ಆಗೇದ" ಎಂದಿರಿ. ಇನ್ನೇನೂ ಹೇಳಲಿಲ್ಲ. ಇದೇ ಉತ್ತರ ಎಂದುಕೊಂಡೆ. ಆದರೂ ಹನ್ನೊಂದು ದಿನ ಕಾದೆ, ಅಪ್ಪಾ. ದಿನಾ ನಿಮ್ಮ ತಾಟಿಗೆ ಬಡಿಸುವಾಗ ಇವತ್ತು ಕೇಳುತ್ತಾರೆ ಎಂದು ಕಾದೆ. ಅವ್ವನಿಗೆ ಹೇಳಿರಲಿಲ್ಲ. ಅವಳಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ.

ನಿಮ್ಮ ಕಾಗದದಲ್ಲಿ ಆನೆಯ ಕಾಲು ಇದೆ. ಅವ್ವ ಇಲ್ಲ. ಅವ್ವ ಹೋದದ್ದು ನನಗೆ ಹದಿನೈದನೇ ದಿನಕ್ಕೆ ಗೊತ್ತಾಯಿತು, ಅದೂ ಅತ್ತೆ ಬೈಲಹೊಂಗಲದಿಂದ ಬಂದು ಹೇಳಿದ ಮೇಲೆ. ಲಗ್ನಪತ್ರಿಕೆ ಮುಚ್ಚಿಟ್ಟವರು ಕಾಕಾ. ಅವ್ವನ ಸಾವು ಮುಚ್ಚಿಟ್ಟವರು ಯಾರು?

ಕಟ್ಟಿನಲ್ಲಿ ಎಲ್ಲಕ್ಕಿಂತ ಮೇಲಿದ್ದ ಪತ್ರಿಕೆಯ ಮೇಲೆ ನಾನು ನಿಮಗೆ ಕೈಯಿಂದ ಎರಡು ಸಾಲು ಬರೆದಿದ್ದೆ. ಅದರಲ್ಲಿ ಏನಿತ್ತೆಂದು ಹೇಳುವುದಿಲ್ಲ. ಹುಡುಕಿ ಓದಿರಿ. ಓದಿ, ನಿಮಗೆ ಏನನಿಸಿತು ಎಂದು ಬರೆಯಿರಿ. ಬರುವ ಮಾತು ಆಮೇಲೆ.

ವರದಾ

~

ರಾಮದುರ್ಗ
3 ಮಾರ್ಚ್ 2025

ನಿಜಗುಣಿ,

'ತಾವು' ಮುಗಿಯಿತು. ಅಷ್ಟು ದೊಡ್ಡ ಸಿಟ್ಟು ಹೊರುವ ಶಕ್ತಿ ಈ ಹೆಗಲಿಗಿಲ್ಲ, ಮತ್ತೆ ಈ ಕೆಲಸಕ್ಕೆ ನೀನೇ ಬೇಕು. ವರದಾಳ ಕಾಗದದ ನಕಲು ಕಳಿಸುತ್ತಿದ್ದೇನೆ.

ನೀನು ನೆನಪಿನಿಂದ ಹೇಳಿ ಕಳಿಸಿದ ಮನೆಗಳಿಗೆಲ್ಲ ಅಲೆದೆ. ಎಪ್ಪತ್ತೆರಡರ ಮುದುಕ ಬಸ್ಸು ಹಿಡಿದು, ಚೀಲದಲ್ಲಿ ಇಕ್ಕಳ, ಸಣ್ಣ ಸುತ್ತಿಗೆ ಇಟ್ಟುಕೊಂಡು ಊರೂರು ತಿರುಗಿದರೆ ಜನ ಏನೆಂದುಕೊಳ್ಳಬೇಕು. "ಗೆದ್ದಲು ನೋಡಲಿಕ್ಕೆ ಬಂದೇನಿ, ನಾನು ಬರದ ಚಿತ್ರ" ಎನ್ನುತ್ತೇನೆ. ಮನೋಳಿಯ ಶಂಕ್ರೆಪ್ಪ ಒಬ್ಬನೇ ಐದು ಮನೆ ತಿರುಗಿಸಿದ. ಕಿತ್ತೂರಿನಲ್ಲಿ ಒಂದು ಗಾಜು ಒಡೆದೆ. ಸವದತ್ತಿಯಲ್ಲಿ ಒಬ್ಬರು ಚೌಕಟ್ಟಿಗೆ ಸೀರಿಯಲ್ ಲೈಟು ಹಾಕಿದ್ದಾರೆ, ಆನೆಯ ಕಾಲಿಗೂ ಸುತ್ತಿದ್ದಾರೆ. ಹೋದಲ್ಲೆಲ್ಲ ಪತ್ರಿಕೆ ಸಿಕ್ಕಿತು, ಅರಿಶಿಣ ಕಂದಾಗಿದೆ, ಕೈಬರಹ ಇಲ್ಲ. ಮೂವತ್ತೊಂದು ಆದವು. ಎಲ್ಲರಿಗೂ ಬೇರೆ ರಟ್ಟು ಹಾಕಿಕೊಟ್ಟು, ಪತ್ರಿಕೆ ತಂದು ವರದಾಳ ಅವ್ವ ಲೀಲಾಬಾಯಿಯ ಟ್ರಂಕಿನಲ್ಲಿ ಇಡುತ್ತಿದ್ದೇನೆ.

ಸಾಲಹಳ್ಳಿಯ ಪದ್ಮವ್ವ ಚಿತ್ರ ಇಳಿಸಲು ಬಿಡಲಿಲ್ಲ. "ಮಕ್ಕಳ ಸಲವಾಗಿ ಜೀವಾ ಕೊಟ್ಟವರ್ರಿ ಅವರು. ಅಂಥಾವ್ರ ಬೆನ್ನ ಹಿಂದ ನಿಮಗ ಏನ್ ಸಿಗತೈತಿ?" ಎಂದಳು. ಆಮೇಲೆ ಕಣ್ಣು ಕಿರಿದು ಮಾಡಿ ಮಧುವರಸನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಅಯ್ಯ, ಈ ಮಾರಿ ನಿಮ್ಮಂಗ ಐತಲ್ರಿ" ಎಂದಳು. "ಇಲ್ಲವ್ವಾ, ನಾ ಅಲ್ಲ" ಎಂದೆ. ನನ್ನ ಕೈಯಿಂದ ನಾನೇ ಬರೆದ ನನ್ನ ಮುಖ, ನಿಜಗುಣಿ. ಹೌದು ಎನ್ನಲು ಬಾಯಿ ಬರಲಿಲ್ಲ. ಹೊರಗೆ ಬಂದು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕುಳಿತು ಅತ್ತೆ.

ಉಳಿದ ಮನೆಗಳಿಗೆ ನೀನು ಬಾ. ಇನ್ನೊಬ್ಬರ ಗಾಜು ಒಡೆಯಲು ನನಗೆ ಮನಸ್ಸಿಲ್ಲ. ಮೇಲಿನ ಪತ್ರಿಕೆ ಯಾವ ಚೌಕಟ್ಟಿಗೆ ಹೋಯಿತು, ನೆನಪು ಮಾಡಿಕೊ.

ನಿನ್ನ,
ರಘೋತ್ತಮ

~

ಬೈಲಹೊಂಗಲ
10 ಮಾರ್ಚ್ 2025

ಮಾಸ್ತರಿಗೆ ಶರಣಾರ್ಥಿ.

ಸಿಕ್ಕಿತು. ನೀವು ಇಷ್ಟು ಊರು ಸುತ್ತುವುದು ಬೇಕಿರಲಿಲ್ಲ. ನನ್ನ ಬುದ್ಧಿಗೆ ಮಂಕು ಕವಿದಿತ್ತು.

ವರದಾಳ ಕಾಗದ ಓದಿ, ಅವತ್ತು ಹೇಗೆ ಕೆಲಸ ಮಾಡಿದೆ ಎಂದು ಅಂಗಡಿಯಲ್ಲಿ ಮತ್ತೆ ಹಾಗೇ ಕುಳಿತು ನೋಡಿದೆ. ಕಟ್ಟು ಎಡಗಡೆ ಇಡುತ್ತೇನೆ. ಮೇಲಿನಿಂದ ಒಂದೊಂದೇ ತೆಗೆಯುತ್ತೇನೆ. ಹಾಗಾದರೆ ಎಲ್ಲಕ್ಕಿಂತ ಮೇಲಿನ ಪತ್ರಿಕೆ ಮೊದಲ ಚೌಕಟ್ಟಿಗೇ ಹೋಗಬೇಕು. ಮೊದಲ ಚೌಕಟ್ಟು ಯಾರದು, ಮಾಸ್ತರ? ಎಂದಿದ್ದರೂ ಅದು ನಿಮ್ಮದೇ. ಆ ಭಾನುವಾರ ನಾನೇ ಬಗಲಲ್ಲಿ ಹಿಡಿದು ತಂದು ನಿಮ್ಮ ಪಡಸಾಲೆಯಲ್ಲಿ ತೂಗುಹಾಕಿದೆ. ವರದಾ ತಿಳಿದದ್ದು ಸುಳ್ಳಲ್ಲ. ಪತ್ರಿಕೆ ಅವತ್ತೇ ನಿಮ್ಮ ಮನೆ ಮುಟ್ಟಿತ್ತು.

ಅಲ್ಲಿ ಈಗ ಮೊಳೆ ಮಾತ್ರ ಇದೆ ಎಂದು ಬರೆದಿದ್ದಿರಿ. ಅಟ್ಟದ ಮೇಲೆ ಎತ್ತಿಟ್ಟಿರಬೇಕು. ನೀವು ಸವೆದ ಕುಂಚವನ್ನೂ ಬಿಸಾಡುವವರಲ್ಲ. ಇಳಿಸಿ ಇಡಿ, ತೆರೆಯಬೇಡಿ. ಶನಿವಾರ ಮುಂಜಾನೆಯ ಬಸ್ಸಿಗೆ ಬರುತ್ತೇನೆ. ಮೊಳೆ ಹೊಡೆದ ಕೈಯೇ ಕೀಳಲಿ. ಸಿದ್ದಲಿಂಗವ್ವನಿಗೆ ಎಲ್ಲ ಹೇಳಿದೆ. ಅವಳು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ, ಇವತ್ತು ನಿಮಗೆಂದು ಕರದಂಟು ಕಟ್ಟಿಟ್ಟಿದ್ದಾಳೆ.

ನಿಮ್ಮ,
ನಿಜಗುಣಪ್ಪ

~

ರಾಮದುರ್ಗ
17 ಮಾರ್ಚ್ 2025

ಚಿ. ಸೌ. ವರದಾಳಿಗೆ ಆಶೀರ್ವಾದ.

ನಿನ್ನ ಎರಡು ಸಾಲು ಎಲ್ಲಿದ್ದವು ಎಂದು ಗೊತ್ತಾಯಿತು. ನಾನು ದಿನಾ ಕುಳಿತು ಊಟ ಮಾಡುತ್ತಿದ್ದ ಜಾಗದ ಎದುರಿಗೆ, ಗೋಡೆಯ ಮೇಲೆ, ನನ್ನದೇ ಚಿತ್ರದ ಹಿಂದೆ. ಹನ್ನೊಂದು ದಿನ ನೀನು ಕಾದೆ. ಆ ಹನ್ನೊಂದು ದಿನವೂ ಅವು ಅಲ್ಲೇ ಇದ್ದವು.

ನೀನು ಹೋದ ಮರುದಿನ ಆ ಚಿತ್ರ ನನಗೆ ನೋಡಲಾಗಲಿಲ್ಲ. ಜನ ಕೈ ಮುಗಿಯುವ ಚಿತ್ರ, ತಿಪ್ಪೆಗೆ ಹಾಕುವ ಹಾಗಿಲ್ಲ, ಸುಡುವ ಹಾಗಿಲ್ಲ. ಹಳೆಯ ದೇವರ ಪಟಗಳಿಗೆ ಏನು ಮಾಡುತ್ತೇವೋ ಅದನ್ನೇ ಮಾಡಿದೆ. ಹೊಳೆಗೆ ಒಯ್ದೆ. ಬೇಸಿಗೆ, ಮಲಪ್ರಭೆಯಲ್ಲಿ ನೀರು ಕಡಿಮೆ ಇತ್ತು. ಮಡುವಿನ ತನಕ ನಡೆದು ಹೋಗಿ ಬಿಟ್ಟೆ. ಚೌಕಟ್ಟು ಮುಳುಗಲಿಲ್ಲ, ತೇಲಿತು. ಮಧುವರಸ, ಹರಳಯ್ಯ ಇಬ್ಬರೂ ಆಕಾಶ ನೋಡುತ್ತ ತಿರುಗಿ ತಿರುಗಿ ದಂಡೆಗೇ ಬಂದರು. ಒಂದು ಕೋಲು ತಗೊಂಡು ಅದು ಮುಳುಗುವ ತನಕ ಒತ್ತಿ ಹಿಡಿದೆ. ಅದರ ಬೆನ್ನಿಗೆ ನೀನು ಬರೆದದ್ದಿತ್ತು.

ಇದು ನನಗೆ ಮೊದಲೇ ಹೊಳೆದಿತ್ತೇನೋ. ಅದಕ್ಕೇ ಇರಬೇಕು ಊರೂರು ತಿರುಗಿದ್ದು.

ಶನಿವಾರ ನಿಜಗುಣಪ್ಪ ಬಂದ. ಬಾಗಿಲಲ್ಲೇ ಇಕ್ಕಳ ತೆಗೆದ. "ಎಲ್ಲಿ ಐತ್ರಿ?" ಎಂದ. "ಹೊಳಿಗೆ ಬಿಟ್ಟೆ" ಎಂದೆ. ಅವನು ಗೋಡೆಯ ಮೊಳೆ ನೋಡುತ್ತ ನೆಲದ ಮೇಲೆ ಕುಳಿತ. ಇಕ್ಕಳ ಮತ್ತೆ ಚೀಲಕ್ಕೆ ಹಾಕಿ, "ನಾನೂ ಸುಡಲಿಲ್ಲ, ನೀವೂ ಸುಡಲಿಲ್ಲ. ಎಷ್ಟ್ ಭಯ ಭಕ್ತಿ ನೋಡ್ರಿ ನಮ್ದು" ಎಂದ. ಆಮೇಲೆ ಇಬ್ಬರೂ ಹೊಳೆಗೆ ಹೋಗಿ ದಂಡೆಯ ಮೇಲೆ ಕುಳಿತೆವು. ಹತ್ತು ವರ್ಷದ ನೀರು ಹರಿದು ಹೋದ ಜಾಗದಲ್ಲಿ ಏನು ಹುಡುಕುವುದು. ಅವನು ಅತ್ತ. ನನಗೆ ಅವನ ಮೇಲೆ ಸಿಟ್ಟು ಉಳಿದಿಲ್ಲ. ಅವನು ಮುಚ್ಚಿಟ್ಟದ್ದನ್ನು ಮುಳುಗಿಸಿದವನು ನಾನು.

ನೀನು ಅವ್ವನ ಬಗ್ಗೆ ಕೇಳಿದ್ದೀ. ಕೊನೆಯ ವಾರ ಅವಳು ದಿನಾ "ವರದಾಗ ಹೇಳಿ ಕಳಸ್ರಿ" ಎನ್ನುತ್ತಿದ್ದಳು. ನಾನು ದಿನಾ "ನಾಳೆ ಕಳಸ್ತೀನಿ" ಎನ್ನುತ್ತಿದ್ದೆ. ಕಡೆಯ ದಿನ ಅವಳು ಕೇಳಲಿಲ್ಲ, ಬಾಗಿಲು ನೋಡಿದಳು. ನೀನು ಕೇಳಿದ ಪ್ರಶ್ನೆಗೆ ಉತ್ತರ ಇದೇ. ಮುಚ್ಚಿಟ್ಟವನು ನಾನು.

ಓದಿ ಏನನಿಸಿತು ಎಂದು ಬರೆಯಲು ನೀನು ಹೇಳಿದ್ದೆ. ಓದಲಾಗಲಿಲ್ಲ, ಇನ್ನು ಆಗುವುದೂ ಇಲ್ಲ. ಓದಿದ್ದರೆ ನಾನು ಎಂಥ ಅಪ್ಪನಾಗುತ್ತಿದ್ದೆ ಎಂಬುದು ನನಗೆ ಕೊನೆಯತನಕ ಗೊತ್ತಾಗುವುದಿಲ್ಲ. ನಿನ್ನ ಮಾತು ನಡೆಸಿಕೊಡಲಾರೆನಾದ್ದರಿಂದ ಬಾ ಎಂದು ಕರೆಯುವುದಿಲ್ಲ.

ಟ್ರಂಕಿನಲ್ಲಿದ್ದ ಪತ್ರಿಕೆಗಳಲ್ಲಿ ಚೆನ್ನಾಗಿರುವ ಒಂದನ್ನು ಇದರೊಂದಿಗೆ ಇಟ್ಟಿದ್ದೇನೆ. ಹೆಸರು ಅಚ್ಚಾಗಿ ಇಷ್ಟು ವರ್ಷ ಇತ್ತು, ನನ್ನ ಕೈ ಅದರ ಮೇಲೆ ಬಿದ್ದಿರಲಿಲ್ಲ. ನನ್ನ ಹೆಸರಿನ ಕೆಳಗೆ ಸಹಿ ಮಾಡಿದ್ದೇನೆ. ನಿಜಗುಣಪ್ಪನೂ ಮಾಡಿದ್ದಾನೆ. ಅಕ್ಷರ ಸೊಟ್ಟಾಗಿದೆ.

ನಿನ್ನ ಅಪ್ಪ,
ರಘೋತ್ತಮ

~

ಗದಗ
2 ಏಪ್ರಿಲ್ 2025

ಅಪ್ಪಾ,

ಕಾಗದ ಬಂತು. ಪತ್ರಿಕೆಯೂ ಬಂತು. ಇವರು ತಮ್ಮ ಅಪ್ಪನ ಸಹಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು.

ಮಕ್ಕಳ ಬಗ್ಗೆ ಕೇಳಿದ್ದಿರಿ. ಒಬ್ಬಳಿದ್ದಾಳೆ. ಬರುವ ತಿಂಗಳು ಎರಡು ವರ್ಷ ತುಂಬುತ್ತದೆ. ಲೀಲಾ ಎಂದು ಹೆಸರು. ನಾನು ಈಗ ಬರಲಾರೆ. ಯಾವಾಗ ಎಂದು ಕೇಳಬೇಡಿ, ನನಗೂ ಗೊತ್ತಿಲ್ಲ.

ಹೊಳೆಗೆ ಹೋದ ಪತ್ರಿಕೆಯ ಮೇಲೆ ನಾನು ಬರೆದದ್ದು ಇಷ್ಟೇ: "ಅಪ್ಪಾ, ನಿಮ್ಮ ಹೆಸರಿನ ಕೆಳಗ ಒಂದು ಸಹಿ ಮಾಡಿ ಕೊಡ್ರಿ. ನಿಮ್ಮ ಸಹಿ ಆಗದ ಒಂದು ಪತ್ರಿಕೀನೂ ನಾವು ಹಂಚೂದಿಲ್ಲ."

ಸಹಿ ಬಂತು. ಮೊದಲ ಪತ್ರಿಕೆಯನ್ನು ಅವ್ವನ ಕೈಗೆ ಕೊಡಬೇಕು ಎಂದುಕೊಂಡಿದ್ದೆ.

ವರದಾ